ಫಿಸಿಕ್ಸ್ ಮೇಷ್ಟ್ರ ರೇಡಿಯೊ

ಆನ್‌ಲೈನಿನಲ್ಲಿ ಕಿಟ್ಟು ತರಿಸಿ, ನಾಲ್ಕು ಸ್ಕ್ರೂ ಬಿಗಿದು, ಮಗುವಿಗೆ ವಿಜ್ಞಾನ ಕಲಿಸಿದೆ ಎಂದು ಸ್ಟೇಟಸ್ ಹಾಕಿಕೊಳ್ಳುವ ಅಪ್ಪಂದಿರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹದಿನೆಂಟು ವರ್ಷದಿಂದ ಚಳ್ಳಕೆರೆಯ ಕಾಲೇಜೊಂದರಲ್ಲಿ ಫಿಸಿಕ್ಸ್ ಹೇಳುತ್ತಿರುವ ನನಗೆ ಈ ತಾತ್ಸಾರ ಕೆಲಸದ ಜೊತೆಗೇ ಬಂದದ್ದು. ಬೋರ್ಡಿನ ಮೇಲೆ ನಾನು ಬರೆದ ರೇಡಿಯೊಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಒಂದೂ ಹಾಡಿಲ್ಲ ಎನ್ನುವುದು ಬೇರೆ ಮಾತು.

ಆರನೇ ಕ್ಲಾಸಿನ ಮಗಳು ಸಿಂಧು, ಬ್ಯಾಟರಿಯೇ ಇಲ್ಲದ ರೇಡಿಯೊ ಮಾಡೋಣ ಅಂದಾಗ ನಾನು ಎದೆ ಉಬ್ಬಿಸಿ ಒಪ್ಪಿಕೊಂಡೆ. ಅಪ್ಪನಿಗೆ ಎಲ್ಲ ಗೊತ್ತು ಎಂದು ನಂಬಿರುವ ಜೀವ ಈ ಭೂಮಿಯ ಮೇಲೆ ಅವಳೊಬ್ಬಳೇ. ನನ್ನ ಹೆಂಡತಿ ಮದುವೆಯಾದ ವಾರದಲ್ಲೇ ಆ ನಂಬಿಕೆಯಿಂದ ಚೇತರಿಸಿಕೊಂಡಿದ್ದಳು. ಉಳಿದ ಆ ಒಂದು ನಂಬಿಕೆಯನ್ನಾದರೂ ಕಾಪಾಡಿಕೊಳ್ಳಬೇಕಿತ್ತು. ಬೋರ್‌ವೆಲ್ ಮೋಟರು ವೈಂಡಿಂಗ್ ಮಾಡುವ ಅಂಗಡಿಗೆ ಹೋಗಿ ತಾಮ್ರದ ತಂತಿ ಕೇಳಿದೆ. ಅಂಗಡಿಯವನು, "ಸಾರ್, ಇದ್ರ ತುದೀನ..." ಎಂದು ಏನೋ ಹೇಳಲು ಬಂದ. "ನಾನು ಫಿಸಿಕ್ಸ್ ಲೆಕ್ಚರರ್ ಕಣಯ್ಯಾ" ಅಂದೆ. ಪಾಪ, ಬಾಯಿ ಮುಚ್ಚಿಕೊಂಡು ತಂತಿ ತೂಗಿಕೊಟ್ಟ.

ರಜೆಗೆ ಮೊಳಕಾಲ್ಮೂರಿನ ನಮ್ಮ ಅತ್ತೆಯವರ ಮನೆಗೆ ಹೋದಾಗ ಕೆಲಸ ಶುರುವಾಯಿತು. ಪೈಪಿನ ತುಂಡಿಗೆ ತಂತಿ ಸುತ್ತಿ, ಡಯೋಡು ಸಿಕ್ಕಿಸಿ, ಮಾಳಿಗೆಯ ಮೇಲೆ ಏರಿಯಲ್ ಎಳೆದು, ಇನ್ನೊಂದು ತಂತಿಯನ್ನು ಅರ್ಥಿಂಗಿಗೆಂದು ನಲ್ಲಿಗೆ ಕಟ್ಟಿದೆವು. ಸಿಂಧು ಇಯರ್‌ಫೋನನ್ನು ಕಿವಿಗಿಟ್ಟು ಉಸಿರು ಬಿಗಿಹಿಡಿದು ಕೂತಳು. ಏನೂ ಇಲ್ಲ. ಎರಡು ದಿನ ಏನೂ ಇಲ್ಲ. ನಾನು ಮೊದಲು ಊರ ಸುತ್ತಲಿನ ಗುಡ್ಡಗಳನ್ನು ಬೈದೆ, ಆಮೇಲೆ ರೇಡಿಯೊ ನಿಲ್ದಾಣಗಳನ್ನು ಮುಚ್ಚುತ್ತಿರುವ ಸರ್ಕಾರವನ್ನು, ಕೊನೆಗೆ ವಾತಾವರಣದ ಮೇಲ್ಪದರವನ್ನೂ ಬಿಡಲಿಲ್ಲ. ಸಿಂಧು ಎಲ್ಲ ಕೇಳಿಸಿಕೊಂಡು ಮೆಲ್ಲಗೆ, "ಅಪ್ಪಾ, ನಿಂಗೆ ನಿಜವಾಗ್ಲೂ ಬರ್ತೈತಾ?" ಅಂದಳು. ನನಗೆ ಊಟ ಸೇರಲಿಲ್ಲ.

ಅತ್ತೆ ನಲವತ್ತು ವರ್ಷ ರೇಷ್ಮೆ ಸೀರೆ ನೇಯ್ದವರು. ಮನೆಮಾತು ತೆಲುಗು, ನನಗಾಗಿ ಕನ್ನಡ. ಮಗ್ಗದ ಪಕ್ಕ ಕೂತಿದ್ದವರು ನನ್ನ ತಂತಿಯ ತುದಿಯನ್ನು ಎರಡು ಬೆರಳಲ್ಲಿ ತೀಡಿ ನೋಡಿದರು.

"ಅಲ್ಲುಡುಗಾರೂ, ಇದ್ರ ಅಂಟು ತೆಗ್ದೀರಾ? ಕಚ್ಚಾ ರೇಷ್ಮೆನ ಸೋಪಿನ ನೀರಾಗೆ ಕುದ್ಸಿ ಅಂಟು ಬಿಡಿಸ್ದಿದ್ರೆ ಬಣ್ಣ ಹತ್ತಲ್ಲ ನೋಡ್ರಿ. ಇದ್ರ ಮ್ಯಾಲೂ ಏನೋ ಮೆತ್ತಿದಂಗೈತೆ."

ಅಳಿಯನಿಗೆ ಫಿಸಿಕ್ಸ್ ಹೇಳಿಕೊಡಲು ಬಂದರಲ್ಲ ಎಂದು ನಾನು ನಗಲು ಶುರುಮಾಡಿದೆ. ನಗು ಅರ್ಧಕ್ಕೇ ನಿಂತಿತು. ವೈಂಡಿಂಗ್ ತಂತಿಗೆ ವಾರ್ನಿಷ್ ಬಳಿದಿರುತ್ತಾರೆ, ತುದಿ ಕೆರೆಯದೆ ಕರೆಂಟು ದಾಟುವುದಿಲ್ಲ. ಇದನ್ನು ಪ್ರತಿವರ್ಷ ಪಾಠ ಮಾಡುವವನು ನಾನೇ. ಅಷ್ಟರಲ್ಲಿ ಸಿಂಧು ಬ್ಲೇಡು ತಂದು ತುದಿಗಳನ್ನೆಲ್ಲ ಕೆರೆದು ಮತ್ತೆ ಜೋಡಿಸಿದಳು. ಇಯರ್‌ಫೋನಿನಲ್ಲಿ ಯಾರೋ ಸಣ್ಣ ದನಿಯಲ್ಲಿ ತೆಲುಗು ಮಾತಾಡತೊಡಗಿದರು. ಅವಳ ಮುಖ ಅರಳಿತು. ಆ ಮುಖ ಅಜ್ಜಿಯ ಕಡೆ ತಿರುಗಿತ್ತು, ನನ್ನ ಕಡೆ ಅಲ್ಲ.

ಅದನ್ನು ನನ್ನಿಂದ ತಡೆಯಲಾಗಲಿಲ್ಲ. "ನಂಗೆ ಗೊತ್ತಿತ್ತು. ನೀವೇ ಕಂಡುಹಿಡೀಲಿ ಅಂತ ಬೇಕಂತ್ಲೇ ಬಿಟ್ಟಿದ್ದೆ" ಅಂದುಬಿಟ್ಟೆ. ಲ್ಯಾಬಿನಲ್ಲಿ ಇಂಥ ಮಾತಾಡುವ ಹುಡುಗರ ರೆಕಾರ್ಡಿನ ಮೇಲೆ ನಾನು ಕೆಂಪು ಗೀಟು ಎಳೆಯುತ್ತೇನೆ. ಅತ್ತೆ ನನ್ನನ್ನೊಮ್ಮೆ ನೋಡಿ ತಮ್ಮ ಕೆಲಸಕ್ಕೆ ಬಗ್ಗಿದರು. ಸಿಂಧು ಮಾತ್ರ ಪೂರ್ತಿ ನಂಬಿದಳು. ನಾಚಿಕೆಯಾದದ್ದು ಅದಕ್ಕೇ.

ಕಳೆದ ವಾರ ಸಿಂಧುವನ್ನು ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದಾಗ ಪಾವಗಡ ರಸ್ತೆಯಲ್ಲಿ, ಸುಡುಬಿಸಿಲಲ್ಲಿ ಸ್ಕೂಟರ್ ನಿಂತಿತು. ಒದ್ದು ಒದ್ದು ಕಾಲು ನೋವಾಯಿತು. ದಾರಿಯಲ್ಲಿ ಹೋಗುತ್ತಿದ್ದ ಹಿರಿಯರೊಬ್ಬರು ಬೈಕ್ ನಿಲ್ಲಿಸಿ, ಮೆಕ್ಯಾನಿಕ್ಕನ್ನು ಕಳಿಸಲಾ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಸಿಂಧು, "ಬ್ಯಾಡ್ರಿ ತಾತ, ನಮ್ಮಪ್ಪಂಗೆ ಗೊತ್ತೈತೆ. ನಾನೇ ಕಂಡುಹಿಡೀಲಿ ಅಂತ ಸುಮ್ನಿದಾರೆ" ಅಂದಳು. ಅವರು ಮೆಚ್ಚುಗೆಯಿಂದ ತಲೆಯಾಡಿಸಿ ಹೊರಟೇಹೋದರು. ಅವಳು ಸ್ಕೂಟರಿನ ಮುಂದೆ ಕೂತು ಒಂದೊಂದೇ ತಂತಿ ಮುಟ್ಟಿ ನೋಡತೊಡಗಿದಳು. ಹದಿನೆಂಟು ವರ್ಷದ ಫಿಸಿಕ್ಸ್ ಮೇಷ್ಟ್ರು ಎಲ್ಲ ಬಲ್ಲವನಂತೆ ಕೈಕಟ್ಟಿ ನಿಂತು, ಹುಡುಗಿ ಬೇಗ ಕಂಡುಹಿಡಿಯಲಿ ತಾಯೇ ಎಂದು ಗೌರಸಮುದ್ರದ ಮಾರಮ್ಮನಿಗೆ ಹರಕೆ ಹೊತ್ತುಕೊಂಡ.