ಮಾವನ ನವೆ ಮತ್ತು ಬಡಪಾಯಿ ಬದನೆಕಾಯಿ

ನಮ್ಮ ಮಾವನಿಗೆ ಗೊತ್ತಿಲ್ಲದ ಕಾಯಿಲೆ ಈ ಭೂಮಿಯ ಮೇಲೆ ಇಲ್ಲ. ಹಾಗೆಂದು ಹೇಳಿದವರು ಯಾವ ಡಾಕ್ಟರೂ ಅಲ್ಲ, ಸ್ವತಃ ಮಾವ! ಹಳ್ಳಿಮೈಸೂರಿನ ಸುತ್ತಮುತ್ತ ಯಾರಿಗೆ ಹೊಟ್ಟೆನೋವು ಬಂದರೂ, ಯಾರ ಎಮ್ಮೆ ಮೇವು ಬಿಟ್ಟರೂ ಅವರು ಅಲ್ಲಿ ಹಾಜರ್. ದೂರದಿಂದ ನೋಡಿಯೇ "ಇದು ಪಿತ್ತ" ಎಂದುಬಿಡುತ್ತಾರೆ. ಎಮ್ಮೆಗೂ ಪಿತ್ತ, ಎಮ್ಮೆಯ ಯಜಮಾನನಿಗೂ ಪಿತ್ತ. ಇಂಥ ಧನ್ವಂತರಿಗೇ ನವೆ ಹತ್ತಿಕೊಂಡಿತು ಎಂದರೆ ನೀವು ನಂಬುತ್ತೀರಾ?

ಮಾವ ಎಂದರೆ ನನ್ನ ಅಮ್ಮನ ತಮ್ಮ. ಅರವತ್ತು ದಾಟಿದ್ದಾರೆ. ಮನೆಯಲ್ಲಿ ಅವರು, ಅತ್ತೆ ಮತ್ತು ನನ್ನ ಅಜ್ಜಿ. ಅಜ್ಜಿಗೆ ಈಚೆಗೆ ಮರೆವು ಜಾಸ್ತಿ. ನನ್ನನ್ನು ಕಂಡರೆ ಸೂಜಿ ಚುಚ್ಚಲು ಬಂದ ನರ್ಸಮ್ಮ ಎಂದು ಸೆರಗು ಬಿಗಿಮಾಡಿಕೊಳ್ಳುತ್ತಾಳೆ. ಸೊಸೆಯನ್ನು ಪಕ್ಕದ ಮನೆಯವಳೆಂದುಕೊಂಡು, ಅವಳದೇ ಅಡುಗೆಮನೆಯಲ್ಲಿ "ಕಾಪಿ ಕುಡ್ಕಂಡ್ ಓಗವ್ವ" ಎಂದು ಉಪಚರಿಸುತ್ತಾಳೆ. ಗುರುತು ಹತ್ತುವುದು ಮಗನೊಬ್ಬನದೇ. ಮಾವ ಮುದ್ದೆ ಮುರಿದು ಸಾರಲ್ಲಿ ಅದ್ದಿ ಕೊಟ್ಟರೆ ನುಂಗುತ್ತಾಳೆ, ಬೇರೆ ಯಾರು ಕೊಟ್ಟರೂ ತುಟಿ ಬಿಚ್ಚುವುದಿಲ್ಲ. ಹಾಗಾಗಿ ಮಾವ ಯಾವ ಊರಿಗೆ ಹೋದರೂ ಅವ್ವನ ಊಟದ ಹೊತ್ತಿಗೆ ಮನೆ ಸೇರಿಕೊಳ್ಳುತ್ತಾರೆ.

ಆ ನವೆ ಕಿವಿಯ ಹಿಂದೆ ಶುರುವಾಯಿತು. ಅಲ್ಲಿಂದ ಹಣೆ, ಹಿಂಗತ್ತು, ಕುತ್ತಿಗೆ ಎಂದು ಆಸ್ತಿ ವಿಸ್ತರಿಸಿಕೊಂಡಿತು. ಮಾವ ಕೊಟ್ಟಿಗೆಯ ಕಂಬಕ್ಕೆ ಕತ್ತು ತೀಡಿ ತೀಡಿ ಕಂಬ ನುಣ್ಣಗಾಯಿತು. ಆ ಕಂಬದ ನಿಜವಾದ ಹಕ್ಕುದಾರಳಾದ ಹಸು ಪಕ್ಕದಲ್ಲಿ ತನ್ನ ಸರದಿಗೆ ಕಾಯುತ್ತಾ ನಿಂತಿರುತ್ತಿತ್ತು.

ಕಾರಣ ಹುಡುಕಲು ಮಾವನಿಗೆಷ್ಟು ಹೊತ್ತು?

"ಮದ್ವೆ ಊಟ ಉಂಡು ಬಂದ್ ಮಾರ್ನೆ ದಿನಾನೇ ಬತ್ತದೆ ಕಣಮ್ಮಿ. ಎಲ್ಲಾ ಮದ್ವೇಲೂ ಇರೋದೇನು? ಬದ್ನೆಕಾಯಿ! ಅದು ನಂಜು."

ನಮ್ಮ ಕಡೆ ಒಂದು ತರಕಾರಿಯನ್ನು ನಂಜು ಎಂದುಬಿಟ್ಟರೆ ಮುಗಿಯಿತು, ಮೇಲ್ಮನವಿಗೆ ಅವಕಾಶವಿಲ್ಲ. ಅವತ್ತೇ ಹಿತ್ತಲಿನ ಬದನೆ ಗಿಡಗಳೆಲ್ಲ ಬೇರುಸಹಿತ ತಿಪ್ಪೆ ಸೇರಿದವು.

ಅತ್ತೆ ಸೊಂಟಕ್ಕೆ ಕೈಯಿಟ್ಟು ನಿಂತರು. "ನಾನ್ ಈ ಮನೆಗ್ ಬಂದಾಗಿಂದ ತಿಂತಾವ್ರೆ. ಇವತ್ ನಂಜಾಯ್ತಾ?"

"ಇಷ್ಟ್ ವರ್ಸ ಒಳಗೊಳ್ಗೇ ಕೂಡಿಕ್ಕಂತಿತ್ತು ಕಣೆ, ಈಗ ಈಚೆಗ್ ಬಂದದೆ!"

ಅರಕಲಗೂಡಿನಲ್ಲೊಂದು ಮದುವೆ. ಬಡಿಸುವವನನ್ನು ಮಾವ ಪೊಲೀಸರಂತೆ ವಿಚಾರಣೆ ಮಾಡಿದರು. ಪಲ್ಯದಲ್ಲಿ ಏನಿದೆ, ಸಾಂಬಾರಿನಲ್ಲಿ ಏನಿದೆ, ಆ ಸೌಟನ್ನು ಇನ್ನಾವುದಕ್ಕಾದರೂ ಅದ್ದಿದ್ದೀಯಾ? ಅಂತೂ ಬದನೆಕಾಯಿಯ ತೊಟ್ಟೂ ಸೋಕದಂತೆ ಉಂಡೆದ್ದರು. ಮಾರನೆಯ ದಿನ ನವೆ ಮೊದಲಿಗಿಂತ ಜೋರು! ಈಗಲಾದರೂ ಸೋಲೊಪ್ಪುತ್ತಾರೆ ಎಂದುಕೊಂಡು ಫೋನ್ ಮಾಡಿದೆ. "ನಾನ್ ತಿನ್ನಿಲ್ಲ ಕಣಮ್ಮಿ. ಪಕ್ಕದ್ ಎಲೆಯೋನು ತಿಂದ. ಅದ್ರ ಗಾಳಿ ಒಡೀತು" ಎಂದರು.

ಆಮೇಲೆ ಮಲ್ಲಿಪಟ್ಟಣದ ಕಡೆ ಯಾರೋ ನಾಟಿ ಔಷಧಿ ಕೊಡುತ್ತಾರೆಂದು ಹೋಗಿ ಬೇವು, ಅರಿಶಿನ ಅರೆದ ಲೇಪ ಬಳಿಸಿಕೊಂಡು ಬಂದರು. ಹಣೆ, ಕೆನ್ನೆ, ಕತ್ತು ಎಲ್ಲಾ ಹಳದಿ. ಬಸ್ಸಿನಲ್ಲಿ ಪಕ್ಕಕ್ಕೆ ಅತ್ತೆ ಕೂತಿದ್ದರು, ಬೆಳ್ಳಿಯಂಥ ತಲೆಗೂದಲು. ಮಾವನ ಕೂದಲೋ ಇದ್ದಿಲಿನಷ್ಟು ಕಪ್ಪು. ಕಂಡಕ್ಟರ್ ಇಬ್ಬರನ್ನೂ ನೋಡಿ, "ಏನ್ ಸಾ, ಅರಿಶಿನ ಶಾಸ್ತ್ರ ಆದಂಗದೆ? ಲೇಟಾದ್ರೂ ಒಳ್ಳೇದೇ ಬುಡಿ" ಎಂದು ನಕ್ಕು, ಅತ್ತೆಯ ಕಡೆ ತಿರುಗಿ, "ನೀವು ಮದ್ಲಿಂಗನ್ ಅಕ್ಕಾರಾ?" ಎಂದನಂತೆ. ಅತ್ತೆ ಊರು ಬರುವವರೆಗೂ ಕಿಟಕಿಯಿಂದ ಆಚೆಗೇ ನೋಡುತ್ತಿದ್ದರು.

ಕಡೆಗೆ ಮಾವನ ಧೈರ್ಯ ಅಲುಗಿದ್ದು ಚನ್ನರಾಯಪಟ್ಟಣದ ಗೃಹಪ್ರವೇಶದಲ್ಲಿ. ಬೆಳಗ್ಗೆ ಏಳುವಷ್ಟರಲ್ಲಿ ರೆಪ್ಪೆಗಳು ಊದಿಕೊಂಡು ಕಣ್ಣು ಗೆರೆಯಷ್ಟಾಗಿದ್ದವು. ಆದರೂ ಹಾರ ಹಿಡಿದು ನುಗ್ಗಿದರು, ಮನೆಯ ಯಜಮಾನರೆಂದುಕೊಂಡು ಗಾರೆ ಮೇಸ್ತ್ರಿಯ ಕೊರಳಿಗೆ ಹಾಕಿಬಿಟ್ಟರು! ಮೇಸ್ತ್ರಿ ಕಣ್ಣೊರೆಸಿಕೊಂಡು ಕಾಲಿಗೆ ಬಿದ್ದ. ಮಾರನೆಯ ದಿನ ಅಜ್ಜಿಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಮಾವ ತಾವಾಗಿಯೇ ಅತ್ತೆಯ ಜೊತೆ ಹಾಸನದ ನಮ್ಮ ಮನೆಗೆ ಬಂದು, "ನಡಿ, ಯಾವ ಡಾಕ್ಟ್ರುಗ್ ತೋರುಸ್ತೀಯೋ ತೋರ್ಸು" ಎಂದರು.

ಚರ್ಮದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಸೋಪು, ಎಣ್ಣೆ, ಬಟ್ಟೆ ಎಲ್ಲವನ್ನೂ ನಿಧಾನವಾಗಿ ಕೇಳಿ, ಕೊನೆಗೆ "ತಲೆಗೆ ಬಣ್ಣ ಹಚ್ಚುತ್ತೀರಾ?" ಎಂದರು.

"ಬಣ್ಣ! ಇದು ಉಟ್ಟಾ ಕಪ್ಪು. ಉಚ್ಚೆಳ್ಳೆಣ್ಣೆ ಮಹಿಮೆ ಡಾಕ್ಟ್ರವ್ವ."

ಡಾಕ್ಟರು ಕೂದಲು ಬಿಡಿಸಿ ನೋಡತೊಡಗಿದರು. ಹಿಂದಲೆಯಲ್ಲಿ ಒಂದು ಹಳೆಯ ಗುಳಿ ಬೆರಳಿಗೆ ಸಿಕ್ಕಿತು. "ಇದೇನು?"

"ಚಿಕ್ಕೋನಾಗಿದ್ದಾಗ ಹುಲ್ ಮೆದೆಯಿಂದ ಬಿದ್ದಿದ್ದು. ಅದ್ಕೂ ನವೆಗೂ ಸಂಬಂಧ ಇಲ್ಲ ಬುಡಿ."

"ಮತ್ತೆ ಈ ಬಿಳಿ ಬುಡ?"

ಮಾವ ಸೀಲಿಂಗ್ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡಿದರು. ಅತ್ತೆಗೆ ತಡೆಯಲಾಗಲಿಲ್ಲ. "ಪಂಪ್‌ಸೆಟ್ ಮನೇಲಿ ಹಲ್ಲುಜ್ಜೋ ಬ್ರಷ್ ಇಟ್ಟವ್ರೆ ಮೇಡಂ. ಮೋಟ್ರಿಗೇನ್ ಹಲ್ಲದಾ? ಊರಿಗೇ ಗೊತ್ತು, ಇವ್ರಿಗೊಬ್ರಿಗೇ ಗೊತ್ತಿಲ್ಲ!"

ಮೊದಲು ಊತ ಇಳಿಯಲೆಂದು ಮುಲಾಮು, ಮಾತ್ರೆ ಕೊಟ್ಟರು. ಅದು ಇಳಿದ ಮೇಲೆ ಕರೆಸಿ ಬೆನ್ನಿಗೆ ಸಣ್ಣ ಸಣ್ಣ ಪಟ್ಟಿ ಅಂಟಿಸಿದರು. ಒಂದೊಂದರಲ್ಲಿ ಒಂದೊಂದು ವಸ್ತು, ಯಾವುದು ಒಗ್ಗದೋ ಅಲ್ಲಿ ಚರ್ಮ ಉಬ್ಬುತ್ತದೆ. "ಬದ್ನೆಕಾಯಿದೂ ಒಂದ್ ಅಂಟ್ಸಿ" ಎಂದು ಮಾವ ಕೊನೆಯವರೆಗೂ ಹೋರಾಡಿದರು. ಪಟ್ಟಿ ತೆಗೆದಾಗ ಕೆಂಪಗೆ ಉಬ್ಬಿದ್ದು ಒಂದೇ ಜಾಗ, ಕೂದಲಿನ ಕಪ್ಪು ಬಣ್ಣದಲ್ಲಿ ಬಳಸುವ ರಾಸಾಯನಿಕದ್ದು.

ಅಷ್ಟೇ ವಿಷಯ! ಮದುವೆಗೆ ಹೋಗುವ ಮುನ್ನ ಮಾವ ಬಣ್ಣ ಬಳಿದುಕೊಳ್ಳುತ್ತಿದ್ದರು, ಮದುವೆ ಮುಗಿಸಿ ಬಂದಾಗ ನವೆ ಬರುತ್ತಿತ್ತು, ಸಿಕ್ಕಿಬೀಳುತ್ತಿದ್ದದ್ದು ಬದನೆಕಾಯಿ. "ಇನ್ನು ಬಣ್ಣ ಮುಟ್ಟಲೇಬೇಡಿ. ಕಪ್ಪು ಮೆಹಂದಿ ಅಂತ ಬರುತ್ತಲ್ಲ, ಅದೂ ಬೇಡ. ಬಿಟ್ಟರೆ ವಾಸಿ, ಹಚ್ಚಿದರೆ ಮತ್ತೆ ಇದೇ ಪಾಡು" ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿ ಕಳಿಸಿದರು.

ಆಚೆ ಬಂದು ಕಬ್ಬಿನ ಹಾಲು ಕುಡಿಯುತ್ತಾ ಮಾವ ಅಂದರು, "ಬಣ್ಣ ಬುಡಕ್ ಆಗಾಕಿಲ್ಲ."

ನನಗೆ ನಗು. "ಈ ವಯಸ್ಸಲ್ಲಿ ಯಾರಿಗೆ ತೋರಿಸೋಕೆ ಮಾವ ಈ ಶೋಕಿ?"

ಅವರು ನಗಲಿಲ್ಲ. ಲೋಟದೊಳಗಿನ ನೊರೆ ನೋಡುತ್ತಾ ನಿಂತರು.

"ಓದ್ ವರ್ಸ ಜ್ವರ ಬಂದು ಮಲಗಿದ್ನಲ್ಲ, ಬಣ್ಣ ಆಕ್ಕಂಡಿರ್ಲಿಲ್ಲ. ತಲೆ ಎಲ್ಲಾ ಬೆಳ್ಳಗಾಗಿತ್ತು. ಎದ್ದು ಅವ್ವಂಗ್ ಉಣ್ಸಕ್ ಓದೆ. ತಟ್ಟೆ ತಳ್ಬುಟ್ಲು. 'ಯಾವನೋ ಮುದ್ಕನ್ನ ಕಳ್ಸವ್ರೆ, ನನ್ ಮಗನ್ ಕರೀರಿ' ಅಂದ್ಲು. ನಾನೇ ಕಣವ್ವ ಅಂದೆ. ನಂಬ್ನಿಲ್ಲ. ಅವತ್ತೆಲ್ಲಾ ಉಣ್ನಿಲ್ಲ. ಪಂಪ್‌ಸೆಟ್ ಮನೆಗೋಗಿ ಬಳ್ಕಂಡ್ ಬಂದೆ. ಆಗ ಬಾಯ್ ಬಿಟ್ಲು."

ಅತ್ತೆ ಸೆರಗಿನಿಂದ ಮೂಗೊರೆಸಿಕೊಂಡರು. ಬ್ರಷ್ಷಿನ ವಿಷಯ ಗೊತ್ತಿದ್ದ ಅವರಿಗೂ ಅದರ ಈ ಕಾರಣ ಗೊತ್ತಿರಲಿಲ್ಲ.

ಆದರೆ ನಮ್ಮ ಮಾವ ಕೈಚೆಲ್ಲುವ ಆಸಾಮಿಯೇ? ಬಸ್ಸು ಹತ್ತುವಷ್ಟರಲ್ಲಿ ಉಪಾಯ ಸಿದ್ಧ. "ಕರೀ ಕೂದ್ಲು ಒಗ್ಗಾಕಿಲ್ಲ, ಬಿಳೀದು ಅವ್ವಂಗ್ ಆಗಾಕಿಲ್ಲ. ಎರಡೂ ಬ್ಯಾಡ!" ಮನೆದೇವರಿಗೆ ಮುಡಿಯ ಹರಕೆ ಇತ್ತೆಂದು ಊರಿಗೆಲ್ಲ ಸಾರಿದರು. ಯಾವಾಗ ಹೊತ್ತ ಹರಕೆ ಎಂದು ಕೇಳಿದವರಿಗೆ "ನೀನ್ ಉಟ್ಟಕ್ ಮುಂಚೆ" ಎಂಬ ಉತ್ತರ ಸಿಕ್ಕಿತು. ನುಣ್ಣಗೆ ಬೋಳಿಸಿಕೊಂಡು, ಗಂಧ ಬಳಿದುಕೊಂಡು ಬಂದರು. ನವೆ ಇಲ್ಲ, ಊತ ಇಲ್ಲ. ಕಂಬವನ್ನು ಹಸುವಿಗೆ ವಾಪಸ್ಸು ಕೊಟ್ಟರು, ಅತ್ತೆ ಮತ್ತೆ ಬದನೆ ಸಸಿ ನೆಟ್ಟರು.

ಇನ್ನು ಉಳಿದಿದ್ದು ಅಜ್ಜಿಯ ಊಟ. ಅವತ್ತು ಮಧ್ಯಾಹ್ನ ನಾನೂ ಅಲ್ಲಿದ್ದೆ. ಮಾವ ತಟ್ಟೆ ಹಿಡಿದು ಎದುರಿಗೆ ಕೂತರು. ಅಜ್ಜಿ ಆ ಬೋಳು ತಲೆಯನ್ನು ಮೇಲಿಂದ ಕೆಳಗೆ ನೋಡಿದಳು.

"ಯಾರಪ್ಪ ನೀನು?"

ಮಾವನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅವರು ತಲೆ ತಗ್ಗಿಸಿ ಸಾರಿನ ಕಡೆ ನೋಡುತ್ತಾ ಕೂತರು. ಕಣ್ಣೆದುರಿಗೇ ಬಂದ ಆ ತಲೆಯ ಮೇಲೆ ಅಜ್ಜಿ ಸುಮ್ಮನೆ ಕೈಯಿಟ್ಟಳು, ಮಗುವಿನ ತಲೆ ಸವರುವ ಹಾಗೆ. ಸವರುತ್ತಾ ಸವರುತ್ತಾ ಅವಳ ಬೆರಳು ಹಿಂದಲೆಯ ಗುಳಿಯೊಳಗೆ ಇಳಿದು ಅಲ್ಲೇ ನಿಂತಿತು.

"ಅಯ್ಯೋ! ಮೆದೆ ಅತ್ಬ್ಯಾಡ ಅಂತ ಬಡ್ಕಂಡಿರ್ಲಿಲ್ವೇನ್ಲಾ? ಬಿದ್ಬುಟ್ಯಲ್ಲಾ! ನೋಯ್ತದಾ ಮಗಾ?"

"ಇಲ್ಲ ಕಣವ್ವ" ಎಂದರು ಮಾವ, ತಲೆ ಎತ್ತದೆ. "ಈಗ ಏನೂ ನೋಯ್ತಾ ಇಲ್ಲ. ನೀನ್ ಉಣ್ಣು."

ಅಜ್ಜಿ ಬಾಯಿ ತೆರೆದಳು. ಊಟ ಮುಗಿಯುವವರೆಗೂ ಆ ಗುಳಿಯ ಮೇಲಿಂದ ಕೈ ತೆಗೆಯಲಿಲ್ಲ.