ನಮ್ಮ ಮನೆಯ ನಾರ್ವೆಯವನು

ಆಗ ನನಗೆ ಅರವತ್ತೆಂಟು. ಅದಾಗಿ ಈಗ ಏಳು ವರ್ಷ. ನನ್ನ ಮೈದುನ ನಾರ್ವೆ ದೇಶದವನಾದದ್ದು ಆ ವರ್ಷವೇ. ಅದಕ್ಕೂ ಮೊದಲು ಅವನು ಇಳಕಲ್ಲಿನವನೇ ಆಗಿದ್ದ! ಅರವತ್ತರವರೆಗೆ ಜೋಳದ ರೊಟ್ಟಿ ತಿಂದು ಬೆಳೆದ ಮನುಷ್ಯ ಒಂದು ಮುಂಜಾನೆ ಎದ್ದು ರುಮಾಲನ್ನು ಕೊರಳಿಗೆ ಸುತ್ತಿಕೊಂಡು, “ವೈನಿ, ನಮ್ಮ ಕಡೆ ಭಾಳ ಥಂಡಿ ಅಂತ್ರಿ” ಎಂದ.

“ನಮ್ಮ ಕಡೆ ಅಂದ್ರ ಯಾವ ಕಡೆ?”

“ನಾರ್ವೆ.”

ಹೊರಗೆ ಏಪ್ರಿಲ್ ಬಿಸಿಲು. ಅಂಗಳದ ಕಲ್ಲು ಹಂಚಿನಂತೆ ಕಾದಿತ್ತು. ಇವನಿಗೆ ಥಂಡಿ!

ಇದಕ್ಕೆಲ್ಲ ಅವನ ಕಣ್ಣೇ ಕಾರಣ. ಬೆಕ್ಕಿನ ಕಣ್ಣು. ನಮ್ಮ ಮನೆಯಲ್ಲಿ ಉಳಿದವರದೆಲ್ಲ ಎಮ್ಮೆಯ ಕಣ್ಣು. ಅವನು ನಮ್ಮತ್ತೆ ಹೆತ್ತ ಮಗನಲ್ಲ. ಕೂಡಲಸಂಗಮದ ಹೊಳೆಯ ಮೆಟ್ಟಿಲ ಮೇಲೆ ಅಳುತ್ತ ಬಿದ್ದಿದ್ದ ಕೂಸನ್ನು ನಮ್ಮತ್ತೆ ಸೆರಗಿನಲ್ಲಿ ಸುತ್ತಿಕೊಂಡು ಬಂದಿದ್ದರು. ಊರಿಗೆಲ್ಲ ಗೊತ್ತು, ಅವನಿಗೂ ಗೊತ್ತು. ನಾನು ಸೊಸೆಯಾಗಿ ಬಂದಾಗ ಅವನು ಚಡ್ಡಿ ಹಾಕುವ ಹುಡುಗ. ತಲೆಯ ಹೇನು ತೆಗೆದವಳು ನಾನೇ. ಹೇನಿಗೆ ಯಾವ ದೇಶ ಎಂದು ಆಗ ಯಾರು ಕೇಳಿದ್ದರು?

ಅವನದು ಕಲ್ಲಿನ ಗಣಿಯಲ್ಲಿ ಕೆಲಸ. ಕಡಿದ ಕಲ್ಲುಗಳಿಗೆ ಬಣ್ಣದಿಂದ ನಂಬರು ಬರೆಯುವುದು. ನಮ್ಮ ಊರಿನ ಕೆಂಪು ಕಲ್ಲು ಕೊಳ್ಳಲು ನಾರ್ವೆಯಿಂದ ಒಬ್ಬ ಸಾಹೇಬ ಬಂದಿದ್ದ. ಅವನು ಕಲ್ಲು ನೋಡುವುದು ಬಿಟ್ಟು ನನ್ನ ಮೈದುನನ ಮುಖ ನೋಡುತ್ತ ನಿಂತನಂತೆ. ಆಮೇಲೆ ಗಣಿಯ ಮ್ಯಾನೇಜರನ ಬಾಯಿಂದ ಹೇಳಿಸಿದನಂತೆ: ತನ್ನ ಮುತ್ತಜ್ಜನ ತಮ್ಮನೊಬ್ಬ ಪಾದ್ರಿಯಾಗಿ ಹಡಗು ಹತ್ತಿ ಈ ಸೀಮೆಗೆ ಬಂದವನು ತಿರುಗಿ ಹೋಗಲಿಲ್ಲ. ಅವರ ಊರಿನ ಚರ್ಚಿನ ಹಳೆಯ ಪುಸ್ತಕದಲ್ಲಿ ಅವನು ಹುಟ್ಟಿದ್ದಿದೆ, ಸತ್ತದ್ದಿಲ್ಲ.

“ನೋಡ್ರಿ ವೈನಿ,” ಮೈದುನ ತುದಿಗಾಲ ಮೇಲೆ ನಿಂತು ಹೇಳಿದ, “ಅಂವ ಸತ್ತದ್ದು ಬರದಿಲ್ಲ, ನಾ ಹುಟ್ಟಿದ್ದು ಬರದಿಲ್ಲ. ಎರಡೂ ಕೂಡಿಸಿದ್ರ ಲೆಕ್ಕ ಬರೋಬರಿ ಆತಲ್ರಿ!”

“ಪಾದ್ರಿಗೆ ಎಲ್ಲಿ ಮಗ ಹುಟ್ತಾನೋ?”

“ಅವರ ಪಾದ್ರಿಗೋಳು ಲಗ್ನ ಆಗ್ತಾರ್ರಿ.”

“ಆತು, ಅಂವ ಸತ್ತು ನೂರು ವರ್ಷ ಆಗಿರಬೇಕು. ನೀ ಹುಟ್ಟಿ ಅರವತ್ತು.”

ಅವನು ಬೆರಳು ಮಡಚಿ ಎಣಿಸಿದ. “ಹಂಗಾದ್ರ ಅಜ್ಜ ಅನ್ರಿ” ಎಂದ. ಅಪ್ಪನಾಗಿದ್ದವನು ನನ್ನೆದುರೇ ಅಜ್ಜನಾದ. ಅಷ್ಟು ಸಲೀಸು!

ಶುರುವಾಯಿತು ತಿರುಗಾಟ. ಹುನಗುಂದದ ಕಚೇರಿಗೆ ಹೋದ. ಅಲ್ಲಿನವರು, “ನಿಮ್ಮ ಅಜ್ಜಂದು ಸರ್ವೆ ನಂಬರು ಎಷ್ಟ್ರಿ?” ಎಂದು ಕೇಳಿ ಕಳಿಸಿದರು. ಬಾದಾಮಿಗೆ ಹೋದ. ಅಲ್ಲಿ ಗೈಡುಗಳು ಇವನ ಕಣ್ಣು ನೋಡಿ ಇಂಗ್ಲಿಷಿನಲ್ಲಿ ಗುಹೆ ತೋರಿಸಹೊರಟರು. ಅದೇ ಅವನಿಗೆ ದೊಡ್ಡ ಪುರಾವೆ! ಕೊನೆಗೆ ಬಾಗಲಕೋಟೆಯಲ್ಲಿ ಒಬ್ಬ ಮುದಿ ಪಾದ್ರಿ ಹಳೆಯ ದಾಖಲೆ ತೆಗೆದು ಓದಿದರು. ಪರದೇಶದ ಪಾದ್ರಿಯೊಬ್ಬ ಜ್ವರ ಬಂದು ಸತ್ತ, ಊರ ಹೊರಗೆ ಹೂಳಿದರು ಎಂದಿತ್ತು. ಹೂಳಿದ ಜಾಗ ಈಗ ಹಿನ್ನೀರಿನ ಹೊಟ್ಟೆಯಲ್ಲಿ.

ಮೇ ತಿಂಗಳಲ್ಲಿ ಹಿನ್ನೀರು ಇಳಿಯುತ್ತದೆ. “ಒಬ್ಬನ ಹೋಗಾಕ ಒಂದ ನಮೂನಿ ಆಗ್ತೈತ್ರಿ, ನೀವೂ ಬರ್ರಿ” ಎಂದು ನನ್ನನ್ನೂ ಎಳೆದುಕೊಂಡು ಹೋದ.

ನೀರಲ್ಲಿ ಮುಳುಗಿ ಎದ್ದ ಊರನ್ನು ನೀವು ನೋಡಿದ್ದೀರಾ? ನೋಡಬೇಡಿ. ಗೋಡೆ ಇಲ್ಲ, ಬಾಗಿಲ ಚೌಕಟ್ಟು ನಿಂತಿದೆ. ಅದರಾಚೆ ಮನೆ ಇಲ್ಲ, ಒರಳುಕಲ್ಲು ಇದೆ. ಒರಳಿನಲ್ಲಿ ಒಂದು ಮೀನು ಸತ್ತು ಬಿದ್ದಿತ್ತು. ನಡು ಮಧ್ಯಾಹ್ನ, ಒಂದು ಹಕ್ಕಿಯೂ ಕೂಗುತ್ತಿಲ್ಲ. ನಾನು ಯಾವುದಕ್ಕೂ ಅಂಜುವವಳಲ್ಲ. ಆದರೂ ಯಾರದೋ ಹೊಸ್ತಿಲು ದಾಟುವಾಗ ತಲೆಯ ಮೇಲೆ ಸೆರಗು ಎಳೆದುಕೊಂಡೆ. ಒಳಗೆ ಹಿರಿಯರು ಇದ್ದರೆ?

ಅವನು ಕೆಸರಿನಲ್ಲಿ ಮೊಣಕಾಲೂರಿ ಒಂದು ಕಲ್ಲು ತೊಳೆಯುತ್ತಿದ್ದ. ಮೇಲೆ ಶಿಲುಬೆ. ಕೆಳಗೆ ಅಕ್ಷರವಿದ್ದ ಗುರುತು ಮಾತ್ರ. ಹೆಸರನ್ನು ನೀರು ತಿಂದುಬಿಟ್ಟಿತ್ತು. ಅವನು ಬೆರಳಿನಿಂದ ಸವರಿ ಸವರಿ ಓದಲು ನೋಡಿದ. ಆಮೇಲೆ ಕಿಸೆಯಿಂದ ವಿಭೂತಿ ತೆಗೆದು ಶಿಲುಬೆಗೆ ಮೂರು ಪಟ್ಟೆ ಎಳೆದ! ಆ ಪಾದ್ರಿಯ ಜೀವ ಎಲ್ಲಿತ್ತೋ, ಏನೆಂದುಕೊಂಡಿತೋ!

ತಿರುಗಿ ಬರುವಾಗ ಹಿಂದೆ ನೋಡಿದೆ. ನಾವು ಇಬ್ಬರು. ಕೆಸರಿನಲ್ಲಿ ಹೆಜ್ಜೆ ಮಾತ್ರ ಮೂವರವು. ನನ್ನದು ಬರಿಗಾಲು, ಅವನದು ಚಪ್ಪಲಿ. ಮೂರನೆಯದು ಬೂಟು.

ಅವನ ಮುಖ ಅರಳಿತು. “ವೈನಿ! ಅಜ್ಜ ಬೆನ್ನ ಹತ್ಯಾನ್ರಿ!”

“ಬಂದ್ರ ಬರ್ಲಿ. ಕಾಲು ತೊಳಕೊಂಡು ಒಳಗ ಬರಾಕ ಹೇಳು” ಎಂದೆ. ಹೇಳಿದ್ದೇನೋ ಹೌದು. ಬಸ್ಸು ಹತ್ತುವವರೆಗೆ ಮತ್ತೆ ಹಿಂದೆ ನೋಡಲಿಲ್ಲ.

ಮಹಾನವಮಿ ಅಮಾವಾಸ್ಯೆ ಬಂತು. ನಮ್ಮಲ್ಲಿ ಸತ್ತ ಹಿರಿಯರಿಗೆ ಅವರವರು ಇಷ್ಟಪಟ್ಟದ್ದನ್ನು ಮಾಡಿ ಎಡೆ ಇಡುವ ದಿನ. ಸಾಹೇಬ ಮೊಬೈಲಿಗೆ ಪಾದ್ರಿಯದೆಂದು ಒಬ್ಬ ಮುದುಕನ ಫೋಟೋ ಕಳಿಸಿದ್ದ. ಮೈದುನ ಅದಕ್ಕೆ ಚೌಕಟ್ಟು ಹಾಕಿಸಿ, ನಮ್ಮ ಮಾವ ಮತ್ತು ನನ್ನ ಗಂಡನ ಫೋಟೋಗಳ ನಡುವೆ ಇಟ್ಟು ವಿಭೂತಿ ಹಚ್ಚಿ ಹಾರ ಹಾಕಿದ. ನಾನೂ ಹತ್ತಿರ ಹೋಗಿ ಕಣ್ಣು ನೋಡಿದೆ. ಅದೇ ಬೆಕ್ಕು!

“ವೈನಿ, ಅವರಿಗೆ ಮೀನು ಬೇಕಾಗ್ತೈತ್ರಿ.”

“ಈ ಒಲಿ ಮ್ಯಾಲ ಮೀನು ಇಟ್ಟಿ ಅಂದ್ರ ನಿನ್ನೂ ಫೋಟೋ ಮಾಡ್ತೇನಿ ನೋಡು.”

ಪೇಟೆಯಿಂದ ಹುರಿದ ಮೀನು ತಂದು ಮಾಳಿಗೆಯ ಮೇಲೆ ಬೇರೆ ಎಲೆಯಲ್ಲಿ ಇಟ್ಟ. ಕಾಗೆಗಳು ಬಂದವು. ಹೋಳಿಗೆಯನ್ನು ಮೂಸಲೂ ಇಲ್ಲ, ಮೀನಿಗೆ ಮುಗಿಬಿದ್ದವು. ನಮ್ಮ ಮಾವ ಆ ವರ್ಷ ಉಪವಾಸ!

ಹಾರ ಬಾಡುವ ಮೊದಲೇ ಸಾಹೇಬನ ಫೋನು ಬಂತು. ಮ್ಯಾನೇಜರ್ ಮನೆಗೇ ಓಡಿಬಂದು ಹೇಳಿದ: ಕಳಿಸುವಾಗ ಫೋಟೋ ಅದಲುಬದಲಾಗಿದೆ. ಅದು ಪಾದ್ರಿಯದಲ್ಲ, ಸಾಹೇಬನ ಅಪ್ಪನದು. ಅವರು ಇನ್ನೂ ಬದುಕಿದ್ದಾರೆ. ಆದರೆ ಅಮಾವಾಸ್ಯೆಯಿಂದ ಆ ಮುದುಕ ಹಾಸಿಗೆ ಹಿಡಿದು ಒಂದೇ ಮಾತು ಹೇಳುತ್ತಿದ್ದಾನಂತೆ. ಬಾಗಿಲಲ್ಲಿ ಯಾರೋ ನಿಂತು ತನ್ನನ್ನು ಊಟಕ್ಕೆ ಕರೆಯುತ್ತಿದ್ದಾರಂತೆ.

ಮೈದುನ ದಡಕ್ಕನೆ ಎದ್ದ. ಓಡಿಹೋಗಿ ಹಾರ ಕಿತ್ತ, ವಿಭೂತಿ ಒರೆಸಿದ, “ತಪ್ಪಾತ್ರಿ ಯಜಮಾನ್ರ, ನಿಮ್ಮನ್ನಲ್ರಿ, ಇನ್ನೊಬ್ಬರನ್ನ ಕರದಿದ್ದೆ” ಎಂದು ಫೋಟೋಕ್ಕೆ ಕೈ ಮುಗಿದ. ಮರುವಾರ ಆ ಮುದುಕ ಎದ್ದು ಕೂತು ಊಟ ಕೇಳಿದನೆಂದು ಸುದ್ದಿ ಬಂತು. ಏನು ಕೇಳಿದ ಎಂದು ನಾನು ವಿಚಾರಿಸಲಿಲ್ಲ. ಹೋಳಿಗೆ ಎಂದುಬಿಟ್ಟರೆ?

ಸುಗ್ಗಿ ಮುಗಿದ ಮೇಲೆ ನಮ್ಮ ಮನೆಯ ಹೆಳವ ಬಂದ. ಹೆಳವರೆಂದರೆ ಎತ್ತು ಹೊಡೆದುಕೊಂಡು ಊರೂರಿಗೆ ಹೋಗಿ, ಮನೆತನದ ಹೆಸರುಗಳನ್ನು ಬೇರಿನಿಂದ ತುದಿಯವರೆಗೆ ಕರೆಯುವವರು. ಎಷ್ಟೋ ವರ್ಷಕ್ಕೊಮ್ಮೆ ಬರುತ್ತಾರೆ. ಕರೆದಾಗ ಸತ್ತವರು ಬಂದು ಕಟ್ಟೆಯ ಮೇಲೆ ಕೂಡುತ್ತಾರೆಂದು ನಮ್ಮ ಮನೆಯಲ್ಲಿ ಆ ಹೊತ್ತು ಕಂಬಳಿ ಹಾಸಿ ಕಟ್ಟೆಯನ್ನು ಖಾಲಿ ಬಿಡುತ್ತೇವೆ. ಬದುಕಿದ್ದವರು ತಮ್ಮ ಹೆಸರು ಬಂದಾಗ ಎದ್ದು ಹೋಗಿ ಒಂದು ಮೊರ ಜೋಳ ಕೊಡಬೇಕು. ಎತ್ತಿನ ಗಂಟೆ ಕೇಳಿದರೆ ಸಾಕು, ಮೈದುನ ಹಿತ್ತಲಿಂದ ಪರಾರಿ! ಚಿಕ್ಕಂದಿನಿಂದ ಹಾಗೇ. ಎತ್ತಿಗೆ ಅಂಜುತ್ತಾನೆಂದು ನಾವೆಲ್ಲ ನಗುತ್ತಿದ್ದೆವು.

ಆ ದಿನ ಓಡಲಿಲ್ಲ. ಎದುರಿಗೇ ಕೂತ. ಹೆಳವ ಕರೆಯುತ್ತ ಬಂದ, ಇಂಥವರ ಮಗ ಇಂಥವರು, ಇಂಥವರ ಮಗ ಇಂಥವರು. ನಮ್ಮ ಮಾವನ ಹೆಸರು ಕರೆದ. ಗಾಳಿ ಇರಲಿಲ್ಲ, ಆದರೂ ಕಟ್ಟೆಯ ಮೇಲಿನ ಕಂಬಳಿಯ ಅಂಚು ಮಡಚಿಕೊಂಡಿತು. ನನ್ನ ಗಂಡನ ಹೆಸರು ಕರೆದ. ನಿಲ್ಲಿಸಿದ.

“ನಮ್ಮ ಅಜ್ಜಂದೂ ಬರಕೋ” ಎಂದ ಮೈದುನ. “ನಾರ್ವೆದಾಂವ.”

“ಹೆಸರು ಹೇಳ್ರಿ.”

“ನೀರು ತಿಂದೈತಿ.”

“ಹೆಸರಿಲ್ದಾಂವನ್ನ ಹೆಂಗ ಕರೀಲ್ರಿ, ಯಪ್ಪಾ?”

ಮೈದುನ ಎದ್ದು ನಿಂತ. “ಹೆಸರಿದ್ದಾಂವನ್ನರ ಯಾವಾಗ ಕರ್ದೀರಿ? ಸಣ್ಣಾಂವ ಇದ್ದಾಗ ಮೊರ ಹಿಡಕೊಂಡು ಕುಂತಿದ್ದೆ. ನಮ್ಮಣ್ಣನ್ನ ಕರ್ದು, ನನ್ನ ಕರೀದ ನಿಮ್ಮಪ್ಪ ಎತ್ತು ಎಬ್ಬಿಸಿದ.”

ಅಷ್ಟು ಹೇಳಿ ಮಗ್ಗದ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡ. ಉಣ್ಣಲು ಕರೆದರೂ ಹೊರಗೆ ಬರಲಿಲ್ಲ.

“ಇದಕ್ಕ ಏನು ಮಾಡಬೇಕೋ?” ಎಂದು ಹೆಳವನನ್ನು ಕೇಳಿದೆ.

“ಮನಿಗೆ ಹಿರ್‍ಯಾರಾದವರು ಜಳಕಾ ಮಾಡಿ, ಒಲಿ ಹಚ್ಚೂದಕ್ಕ ಮೊದಲ ಹೊಸ್ತಿಲದಾಗ ನಿಂತು, ಇಂವ ನಮ್ಮಾಂವ ಅಂತ ಹೇಳಬೇಕ್ರಿ, ಯವ್ವಾ. ಇಷ್ಟು ದಿನ ಯಾರೂ ಹೇಳಿಲ್ಲ.”

“ಈಗ ಮನಿಗೆ ಹಿರ್‍ಯಾಕಿ ಯಾರು?”

“ನೀವ ಅಲ್ಲೇನ್ರಿ!”

ಮರುದಿನ ಬೆಳಿಗ್ಗೆ ಒಲೆ ಹಚ್ಚುವ ಮೊದಲು ತಣ್ಣೀರು ಸುರಿದುಕೊಂಡು ಹೊಸ್ತಿಲಲ್ಲಿ ನಿಂತು ಹೇಳಿದೆ. ಹೆಳವ ಬರೆದುಕೊಂಡ. ಎತ್ತಿನ ಗಂಟೆ ಒಮ್ಮೆ ಅಲ್ಲಾಡಿಸಿ ನಮ್ಮ ಮಾವನ ಹೆಸರು ಹಿಡಿದು, ಅವರ ಹಿರಿಯ ಮಗನನ್ನು ಕರೆದು, ಕಿರಿಯ ಮಗನನ್ನು ಕರೆದ. ಒಳಗೆ ಸದ್ದಿಲ್ಲ. ಇನ್ನೊಮ್ಮೆ ಕರೆದ. ನಾನು ಮೊರದ ತುಂಬ ಜೋಳ ತುಂಬಿಕೊಂಡು ಹೋಗಿ, ಮಗ್ಗದ ಕೋಣೆಯ ಬಾಗಿಲು ಕಾಲಿನಿಂದ ನೂಕಿ, ಕತ್ತಲಲ್ಲಿ ಕೂತಿದ್ದ ಅವನ ತೊಡೆಯ ಮೇಲೆ ಮೊರ ಇಟ್ಟು, “ಕಿವಿ ಕೇಳೂದಿಲ್ಲೇನು? ನಿನ್ನ ಕರ್‍ಯಾಕತ್ತಾರ, ಏಳು” ಎಂದೆ.