ನೀಲಿ ಗೆರೆ ಹೇಳಿದ ಸಾಕ್ಷಿ

ದಿಕ್ಕುಗಳ ವಿಷಯದಲ್ಲಿ ನಾನು ಹುಟ್ಟಾ ದಡ್ಡಿ. ಸೂರ್ಯ ಹುಟ್ಟುವ ಕಡೆ ಮೂಡಲು ಎಂಬುದು ಗೊತ್ತು. ಆದರೆ ಅವನು ನೆತ್ತಿಗೆ ಬಂದ ಮೇಲೆ ನನ್ನ ಜ್ಞಾನ ಮುಗಿಯುತ್ತದೆ. ಮದುವೆಯಾಗಿ ಕಟ್ಟಾಯದ ಮನೆ ಸೇರಿದ ಹೊಸದರಲ್ಲಿ ಅತ್ತೆ ಒಲೆಯ ಮುಂದೆ ಕೂತು, "ಮೂಡ್ಲು ಗೋಡೆ ಗೂಡಲ್ಲಿ ಉಪ್ಪಿನ ಮಡಕೆ ಐತೆ, ತಗಂಬಾರವ್ವ" ಎಂದರು. ನಾನು ನಾಲ್ಕೂ ಗೋಡೆಗೆ ಪ್ರದಕ್ಷಿಣೆ ಹಾಕಿ ಬರಿಗೈಲಿ ಬಂದೆ. "ಎಂಎ ಓದವ್ಳಂತೆ, ಮೂಡ್ಲು ಯಾವ್ದು ಪಡುವ್ಲು ಯಾವ್ದು ಗೊತ್ತಿಲ್ವಂತೆ" ಎಂದು ಅವರು ಕೊಟ್ಟಿಗೆಯ ಹಸುವಿಗೆ ಹೇಳಿದ್ದು ಪಕ್ಕದ ಮನೆಗೂ ಕೇಳಿಸಿತು.

ಇಂಥವಳನ್ನು ನಂಬಿ ನಾಗರಾಜ ಮೇಷ್ಟರು ಮಕ್ಕಳನ್ನು ಹೊಲಕ್ಕೆ ಕರೆದುಕೊಂಡು ಹೊರಟರಲ್ಲ, ಅವರ ಧೈರ್ಯ ದೊಡ್ಡದು. ದುದ್ದದ ಆಚೆಗಿನ ಹೈಸ್ಕೂಲಿನಲ್ಲಿ ಅವರು ವಿಜ್ಞಾನ, ನಾನು ಕನ್ನಡ. ಹಾಸನದಲ್ಲಿ ಯಾವುದೋ ತರಬೇತಿ ಮುಗಿಸಿ ಬಂದಾಗಿನಿಂದ ಮೇಷ್ಟರ ಬಾಯಲ್ಲಿ ಒಂದೇ ಮಾತು: ವಿಜ್ಞಾನವನ್ನು ಜಾಗದ ಮೇಲೆ ನಿಂತು ಕಲಿಯಬೇಕು, ಅದಕ್ಕೆ ಫೋನಿನ ಆ್ಯಪ್ ಸಾಕು. ಮಕ್ಕಳು ಮೊದಲು ಆಟದ ಮೈದಾನ ಅಳೆದರು. ಆಮೇಲೆ ಮನೆಯವರ ಫೋನು ಹಿಡಿದು ತಂತಮ್ಮ ಹೊಲ ಅಳೆದರು. ಮಾರನೆಯ ದಿನ ದಾಯಾದಿಗಳಿಬ್ಬರು ಶಾಲೆಯ ಗೇಟಿಗೇ ಬಂದರು. "ಏನ್ ಮೇಷ್ಟ್ರೇ, ನಾನು ಬದ ಒತ್ತಿವ್ನಿ ಅಂತ ನಿಮ್ ಫೋನು ಏಳ್ತಂತೆ? ಕರೀರಿ ಅದ್ನ, ನನ್ ಮುಂದೆ ಏಳ್ಲಿ!" ಅಲ್ಲಿಗೆ ಹೊಲ ಅಳೆಯುವ ಪಾಠ ನಿಂತು, ಮಣ್ಣಿನ ಪಾಠ ಶುರುವಾಯಿತು. ಊರ ಸುತ್ತ ಕೆಲವು ಜಾಗಗಳನ್ನು ನಕ್ಷೆಯಲ್ಲಿ ಗುರುತಿಸುವುದು, ಫೋನು ತೋರಿಸಿದ ಕಡೆ ನಡೆದು ಅಲ್ಲಿಯ ಮಣ್ಣು ತರುವುದು, ಕೆಂಪು ಎಲ್ಲಿ, ಕಪ್ಪು ಎಲ್ಲಿ, ಯಾಕೆ ಎಂದು ಯೋಚಿಸುವುದು.

ಜಾಗಗಳನ್ನು ಮೇಷ್ಟರು ಹಾಸನದ ಮನೆಯಲ್ಲಿ ಕಾಫಿ ಕುಡಿಯುತ್ತಾ ಉಪಗ್ರಹದ ಚಿತ್ರ ನೋಡಿ ಆರಿಸಿದ್ದರು. ಅದರಲ್ಲೊಂದು ರಾಗಿ ಹೊಲ. ಚಿತ್ರದಲ್ಲಿ ಹಸಿರು ಸೀರೆ ಹಾಸಿದಂತೆ ಚೆಂದವಾಗಿತ್ತು. ಚಿತ್ರ ಹಳೆಯದು ಎಂಬುದು ಯಾರಿಗೂ ಹೊಳೆಯಲಿಲ್ಲ.

ನನ್ನ ಪಾಲಿಗೆ ಹುಡುಗಿಯರ ತಂಡ ಬಂತು. ಮೇಷ್ಟರು ತಮ್ಮ ಹೊಸ ಫೋನನ್ನು ಪಲ್ಲವಿಯ ಕೈಗೆ ಕೊಟ್ಟರು. ನಡೆದ ದಾರಿಯನ್ನು ಗೆರೆಯಾಗಿ ಬರೆದಿಡುವ ಆ್ಯಪ್ ಒಂದನ್ನು ನನ್ನ ಫೋನಿಗೂ ಹಾಕಿ, "ಇದು ಸುಮ್ನೆ ನಿಮ್ಮ ಬ್ಯಾಗಲ್ಲಿರಲಿ ಮೇಡಂ" ಎಂದರು. ಹುಡುಗರನ್ನು ಕರೆದುಕೊಂಡು ಅವರು ತೆಂಗಿನ ತೋಟದ ಕಡೆ ಹೋದರು.

ಪಲ್ಲವಿ ಮುಂದೆ, ಅವಳ ಬೆನ್ನಿಗೆ ಅಂಟಿಕೊಂಡಂತೆ ಗೆಳತಿ ರಕ್ಷಿತಾ, ಮಿಕ್ಕವರು ಅವರ ಹಿಂದೆ, ಕೊನೆಯಲ್ಲಿ ಏದುಸಿರು ಬಿಡುತ್ತಾ ನಾನು. "ಮಿಸ್, ಇನ್ನ ಇಪ್ಪತ್ ಮೀಟ್ರು ಐತೆ… ಇನ್ನ ಅತ್ತು…" ಪಲ್ಲವಿಯ ಕಣ್ಣು ಫೋನಿನ ಬಾಣದ ಮೇಲೆ. ಎದುರಿಗೆ ಆಳೆತ್ತರ ಕಳೆ ಬೆಳೆದ ಮಣ್ಣಿನ ಏರಿ. ಅವಳು ಅದನ್ನು ಹತ್ತಿ, "ಇನ್ನ ಮೂರೇ…" ಎಂದಳು. ಆಮೇಲೆ ಅವಳ ತಲೆ ಕಾಣಲಿಲ್ಲ.

ರಾಗಿ ಹೊಲವಿದ್ದ ಕಡೆ ಹೊಲದವರು ಕೃಷಿ ಹೊಂಡ ತೋಡಿಸಿದ್ದರು. ಮಳೆನೀರು ಇಂಗದಂತೆ ಅದಕ್ಕೆ ಕಪ್ಪು ಪ್ಲಾಸ್ಟಿಕ್ ಹಾಸಿರುತ್ತಾರೆ. ಪಾಚಿ ಕಟ್ಟಿದ ಆ ಹಾಳೆಯ ಮೇಲೆ ಜಾರಿದರೆ ಈಜು ಬಲ್ಲವರೂ ಹತ್ತಿ ಬರುವುದು ಕಷ್ಟ. ಪಲ್ಲವಿ ಮೊಣಕಾಲುದ್ದ ನೀರಿಗೆ ಇಳಿದಿದ್ದಳು, ಇನ್ನೂ ಇಳಿಯುತ್ತಿದ್ದಳು. ರಕ್ಷಿತಾ ಏರಿಯ ಮೇಲೆ ಬೋರಲು ಬಿದ್ದು, ರಿಬ್ಬನ್ ಕಟ್ಟಿದ ಅವಳ ಎರಡೂ ಜಡೆಯನ್ನು ಎತ್ತಿನ ಮೂಗುದಾರದಂತೆ ಹಿಡಿದಿದ್ದಳು.

"ಲೇ, ಜಡೆ ಬಿಡೇ, ನೋಯ್ತದೆ!"

"ಬಿಟ್ರೆ ಓಯ್ತೀಯ ಕಣೇ, ಮುಚ್ಕಂಡಿರೇ!"

ಉಳಿದವರು ರಕ್ಷಿತಾಳ ಕಾಲು ಹಿಡಿದರು, ಅವರ ಸೊಂಟ ಇನ್ಯಾರೋ ಹಿಡಿದರು. ಹಗ್ಗಜಗ್ಗಾಟದಂತೆ ಎಳೆದು ಪಲ್ಲವಿಯನ್ನು ಮೇಲೆ ಹಾಕಿದಾಗ ಅವಳ ಬಾಯಲ್ಲಿ ಬಂದ ಮೊದಲ ಮಾತು, "ಅಯ್ಯೋ, ಸಾ ಫೋನು!" ಫೋನು ಹೊಂಡದ ತಳ ಸೇರಿತ್ತು. ಕೂಗು ಕೇಳಿ ಓಡಿ ಬಂದ ಮೇಷ್ಟರು ಅವಳ ತಲೆ ಮುಟ್ಟಿ, ಕೈ ಮುಟ್ಟಿ ನೋಡಿ, "ಫೋನ್ ಮನೆ ಹಾಳಾಗ್ಲಿ, ನೀನಿದ್ದೀಯಲ್ಲವ್ವ" ಎಂದು ಏರಿಯ ಮೇಲೆ ಕುಸಿದು ಕೂತು ಅತ್ತರು. ನಾವೆಲ್ಲ ಅತ್ತೆವು. ಪಲ್ಲವಿ ಮಾತ್ರ ತಲೆಬುರುಡೆ ಉಜ್ಜಿಕೊಳ್ಳುತ್ತಾ ನಮ್ಮನ್ನು ನೋಡುತ್ತಿದ್ದಳು.

ಇವತ್ತಿಗೂ ಸೊಪ್ಪು ಬಿಡಿಸುತ್ತಾ ಕೂತರೂ ಆ "ಇನ್ನ ಮೂರೇ" ಕಿವಿಯಲ್ಲಿ ಕೇಳುತ್ತದೆ. ಸಮಾಧಾನಕ್ಕೆ ನಾನು ಕಂಡವರಿಗೆಲ್ಲ ಕಥೆ ಹೇಳಿಕೊಂಡೆ. ನನ್ನ ನೆನಪಿನಲ್ಲಿ ನಾನು ಕೂಗುತ್ತಾ ಹೊಂಡದ ಕಡೆಗೇ ಓಡುತ್ತಿದ್ದೆ. ಹೆಡ್‌ಮಾಸ್ಟರಿಗೆ ಹೇಳುವಾಗ ಏರಿಯ ಹತ್ತಿರ ಬಂದಿದ್ದೆ. ಸ್ಟಾಫ್ ರೂಮಿನಲ್ಲಿ ಏರಿ ಹತ್ತಿದ್ದೆ. ಮನೆಯಲ್ಲಿ ಯಜಮಾನರಿಗೆ ಹೇಳುವ ಹೊತ್ತಿಗೆ ಒಂದು ಜಡೆ ನನ್ನ ಕೈಯಲ್ಲೇ ಇತ್ತು.

ಮುಂದಿನ ವಾರ ಮೇಷ್ಟರು ಪಾಠ ಬಿಡಲಿಲ್ಲ. "ಆ ಹೊಂಡ ನಕ್ಷೆಯಲ್ಲಿಲ್ಲ. ನಾವೇ ಸೇರಿಸೋಣ. ಮೇಡಂ ಫೋನಲ್ಲಿ ದಾರಿ ಇದೆಯಲ್ಲ" ಎಂದು ಪ್ರೊಜೆಕ್ಟರ್ ಹಚ್ಚಿದರು. ನನಗೂ ಹೆಮ್ಮೆ, ಮುಂದಿನ ಬೆಂಚಿನಲ್ಲೇ ಕೂತೆ. ಗೋಡೆಯ ಮೇಲೆ ನೀಲಿ ಗೆರೆ ಮೂಡಿತು. ಶಾಲೆಯಿಂದ ಹೊರಟು, ಬದುವಿನ ಮೇಲೆ ನಡೆದು, ರಾಗಿ ಹೊಲದ ಹತ್ತಿರ ಬಂತು. ಅಲ್ಲಿ ಬಾಲ ತುಳಿಸಿಕೊಂಡ ಹಾವಿನಂತೆ ಹೊರಳಿ, ಹುಲ್ಲಿನ ಬಣವೆ ದಾಟಿ, ಡಾಂಬರು ರಸ್ತೆ ಸೇರುವವರೆಗೂ ಹಿಂದಿರುಗಿ ನೋಡಲಿಲ್ಲ.

ಹಿಂದಿನ ಬೆಂಚಿನಿಂದ ಒಬ್ಬ ಕೇಳಿಯೇಬಿಟ್ಟ: "ಸಾ, ಮಿಸ್ಸು ಹೊಂಡ ಬುಟ್ಟು ಅತ್ಲಾಗೆ ಯಾಕ್ ಓಗವ್ರೆ?"

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ರಕ್ಷಿತಾ ಎದ್ದು ನಿಂತಳು. "ಜನ ಕರ್ಕಂಬರಾಕೆ ಓಗಿದ್ರು ಕಣ್ಲಾ! ಅಷ್ಟೂ ಗೊತ್ತಾಗಕಿಲ್ವಾ ನಿಂಗೆ?" ಮುಳುಗುವವರನ್ನು ಎಳೆದು ಹಾಕುವುದು ಆ ಹುಡುಗಿಗೆ ಅಭ್ಯಾಸವಾಗಿಬಿಟ್ಟಿತ್ತು.

ಮಕ್ಕಳು ಹೊಂಡದ ಜಾಗಕ್ಕೆ ಕೆಂಪು ಗುರುತು ಹಾಕಿದರು. ಹೊಲದವರು ಸುತ್ತ ಬೇಲಿ ಹಾಕಿಸಿದರು. ಪಲ್ಲವಿ ಈಗಲೂ ಅದೇ ಎರಡು ಜಡೆ ಕುಣಿಸುತ್ತಾ ಬರುತ್ತಾಳೆ. ಅವನ್ನು ಕಂಡಾಗಲೆಲ್ಲ ನನ್ನ ಉಸಿರು ಜಾಗಕ್ಕೆ ಬರುತ್ತದೆ.

ಆವತ್ತು ಮೇಷ್ಟರು ಪ್ರೊಜೆಕ್ಟರ್ ಆರಿಸುವ ಮೊದಲು ಆ ಗೆರೆಯನ್ನು ನಕ್ಷೆಯ ಮೂಲೆಯ ದಿಕ್ಕಿನ ಬಾಣಕ್ಕೆ ಹೋಲಿಸಿ ನೋಡಿ, "ಮೇಡಂ, ನೆಟ್ಟಗೆ ಮೂಡಲಿಗೇ ಓಡಿದ್ದೀರಿ, ಒಂದಿಷ್ಟೂ ವಾಲಿಲ್ಲ" ಎಂದರು. ಈ ಸುದ್ದಿಯನ್ನು ಅತ್ತೆಗೆ ಹೇಳಬೇಕೆಂದು ತುಂಬ ಆಸೆಯಿದೆ. ಯಾಕೆ ಓಡಿದೆ ಎಂದು ಅವರು ಕೇಳುತ್ತಾರಲ್ಲ ಎಂದು ಸುಮ್ಮನಿದ್ದೇನೆ.